ಹಿರಿಯರ ಮನೋವೈದ್ಯಕ್ಕೆ ತರಬೇತಿ ವೈದ್ಯರು ಬರಬೇಕಾದರೆ ಮೊದಲು ಪೋಸ್ಟಿಂಗ್ ಸರಿಯಾಗಬೇಕು

ಪ್ರಶ್ನೆ: ನಾನು ಬೋಧನಾ ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗದಲ್ಲಿ ತರಬೇತಿಯ ಹೊಣೆ ಹೊತ್ತಿದ್ದೇನೆ. ವಯಸ್ಸಾದ ರೋಗಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಆದರೆ ನಮ್ಮ ತರಬೇತಿ ವೈದ್ಯರಲ್ಲಿ ಜೀರಿಯಾಟ್ರಿಕ್ ಸೈಕಿಯಾಟ್ರಿಯನ್ನು (ಹಿರಿಯರ ಮನೋವೈದ್ಯ) ಮುಂದಿನ ದಾರಿಯಾಗಿ ಆರಿಸಿಕೊಳ್ಳುವವರು ಇಲ್ಲವೆನ್ನುವಷ್ಟು ಕಡಿಮೆ. ಉಪನ್ಯಾಸ ಏರ್ಪಡಿಸಿದೆವು, ಪೋಸ್ಟರ್ ಹಾಕಿದೆವು, ಹಿರಿಯರ ಘಟಕದಲ್ಲಿ ಒಂದು ತಿಂಗಳ ಕಡ್ಡಾಯ ಪೋಸ್ಟಿಂಗೂ (ಸರದಿ ಕೆಲಸ) ಇದೆ. ಪೋಸ್ಟಿಂಗ್ ಮುಗಿಸಿ ಬಂದವರು ಮೊದಲಿಗಿಂತ ದೂರ ಸರಿಯುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಉತ್ತರದ ಬಹುಪಾಲು ಇದೆ. ಪೋಸ್ಟಿಂಗ್ ಮುಗಿಸಿದವರು ಇನ್ನಷ್ಟು ದೂರ ಸರಿಯುತ್ತಾರೆ ಎಂದರೆ ಕೊರತೆ ಇರುವುದು ಪ್ರಚಾರದಲ್ಲಲ್ಲ, ಪೋಸ್ಟಿಂಗಿನಲ್ಲಿ. ಕೆಟ್ಟ ಪೋಸ್ಟಿಂಗ್ ಆಸಕ್ತಿ ಹುಟ್ಟಿಸದೆ ಸುಮ್ಮನಿರುವುದಿಲ್ಲ, ಇದ್ದ ಆಸಕ್ತಿಯನ್ನೂ ಕೊಲ್ಲುತ್ತದೆ. ಆದ್ದರಿಂದ ಪೋಸ್ಟರು, ಉಪನ್ಯಾಸಗಳನ್ನು ಸದ್ಯಕ್ಕೆ ಬದಿಗಿಡಿ. ತರಬೇತಿ ವೈದ್ಯರು ಆ ದಿನಗಳಲ್ಲಿ ಯಾವ ರೋಗಿಯನ್ನು ನೋಡುತ್ತಾರೆ, ಎಷ್ಟು ಕಾಲ ನೋಡುತ್ತಾರೆ, ಯಾರ ಪಕ್ಕದಲ್ಲಿ ನಿಂತು ನೋಡುತ್ತಾರೆ ಎಂಬ ಮೂರನ್ನು ಮೊದಲು ಸರಿಪಡಿಸಿ.

ಈ ಕ್ಷೇತ್ರ ಬೇಡವೆನ್ನುವವರು ಕೊಡುವ ಕಾರಣಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಎಲ್ಲವೂ ಡೆಮೆನ್ಶಿಯಾ (ಮರೆಗುಳಿತನದ ಕಾಯಿಲೆ), ನಾವು ಮಾಡುವುದೇನೂ ಇಲ್ಲ ಎನ್ನುತ್ತಾರೆ. ರೋಗಿಗೆ ಹತ್ತು ದೈಹಿಕ ಕಾಯಿಲೆ, ಹದಿನೈದು ಮಾತ್ರೆ, ಏನು ಬರೆದರೂ ಎಡವಟ್ಟಾಗುವ ಭಯ ಎನ್ನುತ್ತಾರೆ. ಮನಸ್ಸಿಗೆ ಭಾರ ಎನ್ನುತ್ತಾರೆ. ಇನ್ನೂ ಓದಬೇಕು, ಸಂಬಳ ಮಾತ್ರ ಹೆಚ್ಚಾಗುವುದಿಲ್ಲ ಎನ್ನುತ್ತಾರೆ. ಈ ಕೊನೆಯದು ನಿಮ್ಮ ವಿಭಾಗದ ಕೈಯಲ್ಲಿ ಪೂರ್ತಿ ಇಲ್ಲ. ಉಳಿದ ಮೂರೂ ಇವೆ. ಅವು ವಾದದಿಂದ ಹೋಗುವ ಅಭಿಪ್ರಾಯಗಳಲ್ಲ, ಅನುಭವದಿಂದ ಮಾತ್ರ ಬದಲಾಗುವಂಥವು.

ಒಂದು ತಿಂಗಳು ಏಕೆ ಸಾಲದು

ಅಮೆರಿಕದ ಮನೋವೈದ್ಯ ರೆಸಿಡೆನ್ಸಿ (ಸ್ನಾತಕೋತ್ತರ ತರಬೇತಿ) ನಿಯಮಗಳು ಕೂಡ ಈ ಕ್ಷೇತ್ರಕ್ಕೆ ಕಡ್ಡಾಯವಾಗಿ ಕೇಳುವುದು ಒಂದು ತಿಂಗಳಿಗೆ ಸಮನಾದ ಅನುಭವವನ್ನಷ್ಟೇ. ಅಲ್ಲಿ 1991ರಿಂದ ಈ ಉಪವಿಭಾಗಕ್ಕೆ ಪ್ರತ್ಯೇಕ ಪ್ರಮಾಣಪತ್ರ ಪರೀಕ್ಷೆ ಇದೆ, ರೆಸಿಡೆನ್ಸಿಯ ನಂತರ ಒಂದು ವರ್ಷದ ಫೆಲೋಶಿಪ್ ಇದೆ. ಆದರೂ ಫೆಲೋಶಿಪ್ ಸೀಟುಗಳು ವರ್ಷ ವರ್ಷವೂ ಖಾಲಿ ಉಳಿಯುತ್ತವೆ. ಬ್ರಿಟನ್ನಿನಲ್ಲಿ 1989ರಲ್ಲೇ ಇದು ಸ್ವತಂತ್ರ ವಿಭಾಗವೆಂದು ಮಾನ್ಯವಾಯಿತು. ಮೂರು ವರ್ಷದ ಮೂಲ ತರಬೇತಿಯ ಮೇಲೆ ಮತ್ತೆ ಮೂರು ವರ್ಷ ಇದನ್ನೇ ಕಲಿಯುವ ವ್ಯವಸ್ಥೆ ಅಲ್ಲಿದೆ. ಎಂದರೆ ಹೆಸರು, ಪರೀಕ್ಷೆ, ಮಾನ್ಯತೆ ಇದ್ದ ಮಾತ್ರಕ್ಕೆ ಜನ ಬಂದುಬಿಡುವುದಿಲ್ಲ.

ಅವಧಿಯ ಲೆಕ್ಕವನ್ನು ಆಡಳಿತದ ಅನುಕೂಲ ನೋಡಿ ಹಾಕಬೇಡಿ, ರೋಗದ ಗತಿ ನೋಡಿ ಹಾಕಿ. ವಯಸ್ಸಾದವರಿಗೆ ಖಿನ್ನತೆಯ ಔಷಧವನ್ನು ಸಾಮಾನ್ಯ ಡೋಸಿನ ಅರ್ಧದಿಂದ ಶುರು ಮಾಡುತ್ತೇವೆ. ಸರ್ಟ್ರಾಲಿನ್ ಆದರೆ 25 ಮಿಲಿಗ್ರಾಂ, ಎಸಿಟಲೋಪ್ರಾಮ್ ಆದರೆ 5. ಈ ಔಷಧಗಳಿಂದ ರಕ್ತದ ಸೋಡಿಯಂ ಇಳಿಯಬಹುದಾದ್ದರಿಂದ ಒಂದೆರಡು ವಾರದಲ್ಲಿ ಅದನ್ನು ಪರೀಕ್ಷಿಸಿ, ಅದು ಇಳಿದಿಲ್ಲವೆಂದು ಖಚಿತವಾದ ಮೇಲೆ ಡೋಸ್ ಏರಿಸುತ್ತೇವೆ. ಅಲ್ಲಿಂದ ಮುಂದೆ ಸರಿಯಾದ ಫಲ ಕಾಣಲು 6ರಿಂದ 8 ವಾರ ಬೇಕು, ಕೆಲವರಲ್ಲಿ 12 ವಾರವೂ ಹಿಡಿಯುತ್ತದೆ. ಡೆಮೆನ್ಶಿಯಾಕ್ಕೆ ಡೊನೆಪೆಜಿಲ್ ಕೊಟ್ಟರೆ 5 ಮಿಲಿಗ್ರಾಂನಲ್ಲೇ 4ರಿಂದ 6 ವಾರ ಇಟ್ಟು ಆಮೇಲೆ 10ಕ್ಕೆ ಹೋಗುತ್ತೇವೆ. ಈಗ ಒಂದು ತಿಂಗಳಿಗೆ ಬಂದ ತರಬೇತಿ ವೈದ್ಯರ ಕಣ್ಣಿನಿಂದ ನೋಡಿ. ಊಟ ಬಿಟ್ಟು, ಗೋಡೆ ಕಡೆ ತಿರುಗಿ ಮಲಗಿದ ರೋಗಿಯನ್ನು ಅವರು ದಾಖಲು ಮಾಡಿಕೊಂಡರು, ಔಷಧ ಬರೆದರು, ವಾಂತಿ, ತಲೆಸುತ್ತು, ಸೋಡಿಯಂ ಇಳಿಕೆ ಎಲ್ಲ ನೋಡಿದರು. ರೋಗಿ ಎದ್ದು ಕೂತು ಮಾತಾಡುವ ಹೊತ್ತಿಗೆ ಅವರ ಪೋಸ್ಟಿಂಗ್ ಮುಗಿದಿತ್ತು. ಕಷ್ಟ ಮಾತ್ರ ಅವರ ಪಾಲಿಗೆ ಬಂತು, ಗುಣವಾಗಿದ್ದು ಮುಂದಿನ ಬ್ಯಾಚಿನವರ ಪಾಲಾಯಿತು. ಇಲ್ಲಿ ಯಾರೂ ಗುಣವಾಗುವುದಿಲ್ಲ ಎಂದು ಅವರು ತೀರ್ಮಾನಿಸಿದರೆ ಅದು ಅವರ ತಪ್ಪಲ್ಲ. ಅವರು ಕಂಡದ್ದೇ ಅಷ್ಟು.

ಆದ್ದರಿಂದ ಕನಿಷ್ಠ 12 ವಾರ ಇಡಿ. ಪೂರ್ತಿ 12 ವಾರ ಬಿಟ್ಟುಕೊಡಲು ವಿಭಾಗಕ್ಕೆ ಆಗದಿದ್ದರೆ ಇನ್ನೊಂದು ದಾರಿ ಇದೆ: ನಾಲ್ಕು ವಾರ ಪೂರ್ಣಾವಧಿ, ಅದಾದ ಮೇಲೆ ಐದು ತಿಂಗಳು ವಾರಕ್ಕೆ ಒಂದು ಅರ್ಧ ದಿನ ಫಾಲೋ-ಅಪ್ ಓಪಿಡಿ. ಆ ನಾಲ್ಕು ವಾರದಲ್ಲಿ ತಾವೇ ಮೊದಲ ಬಾರಿ ನೋಡಿದ 8–10 ರೋಗಿಗಳನ್ನು ಅದೇ ವೈದ್ಯರು ಅಲ್ಲಿ ನೋಡುತ್ತಾ ಹೋಗಬೇಕು. ನನ್ನ ಅಭಿಪ್ರಾಯದಲ್ಲಿ ಎರಡನೆಯದು ಮೊದಲನೆಯದಕ್ಕಿಂತಲೂ ಒಳ್ಳೆಯದು, ಏಕೆಂದರೆ ಆರು ತಿಂಗಳ ಚಿತ್ರ ಸಿಗುತ್ತದೆ. ಆದರೆ ಆ ಅರ್ಧ ದಿನವನ್ನು ಇತರ ಘಟಕಗಳು ಕಸಿದುಕೊಳ್ಳುವುದು ಖಂಡಿತ. ವಾರ್ಡಿನಲ್ಲಿ ಜನ ಕಡಿಮೆಯಾದ ದಿನ ಮೊದಲು ಕತ್ತರಿ ಬೀಳುವುದು ಅದಕ್ಕೇ. ಡ್ಯೂಟಿ ಪಟ್ಟಿಯಲ್ಲೇ ಅದನ್ನು ಬರೆದು, ಬದಲಾಯಿಸಲು ನಿಮ್ಮ ಸಹಿ ಬೇಕು ಎಂದು ಮಾಡಿ.

ಯಾವಾಗ ಇಡಬೇಕು? ಕೊನೆಯ ವರ್ಷದಲ್ಲಂತೂ ಬೇಡ. ಆ ಹೊತ್ತಿಗೆ ಎಲ್ಲರೂ ಮುಂದಿನದನ್ನು ನಿರ್ಧರಿಸಿರುತ್ತಾರೆ, ಪರೀಕ್ಷೆಯ ಚಿಂತೆ ಬೇರೆ. ಮೊದಲ ವರ್ಷದ ಆರಂಭವೂ ಬೇಡ, ಸಾಮಾನ್ಯ ಮನೋವೈದ್ಯದ ಹಿಡಿತವೇ ಬಂದಿರುವುದಿಲ್ಲ. ವಯಸ್ಕರ ವಾರ್ಡಿನಲ್ಲಿ ಎಂಟು–ಹತ್ತು ತಿಂಗಳು ಕೆಲಸ ಮಾಡಿದ ಮೇಲೆ, ತರಬೇತಿಯ ನಡುಭಾಗಕ್ಕೆ ಮೊದಲು ಇಡಿ.

ಮೊದಲ ಎರಡು ವಾರ ಏನು ತೋರಿಸಬೇಕು

ಬಹಳ ಕಡೆ ತರಬೇತಿ ವೈದ್ಯರನ್ನು ಮೊದಲ ದಿನವೇ ದೀರ್ಘಕಾಲದ ಆರೈಕೆಯ ವಾರ್ಡಿಗೋ ಮುಂದುವರಿದ ಡೆಮೆನ್ಶಿಯಾ ರೋಗಿಗಳ ಫಾಲೋ-ಅಪ್‌ಗೋ ಹಾಕುತ್ತಾರೆ. ಅಲ್ಲಿ ಅವರ ಕೆಲಸ ಪ್ರಮಾಣಪತ್ರ ಬರೆಯುವುದು, ಅಳತೆಪಟ್ಟಿ ತುಂಬುವುದು, ಹಳೆಯ ಚೀಟಿಯನ್ನೇ ಮತ್ತೆ ಬರೆಯುವುದು. ಇದನ್ನು ತಿರುಗಿಸಿ. ಮೊದಲ ಎರಡು ವಾರ ಇತರ ವಾರ್ಡುಗಳಿಂದ ಬರುವ ಕರೆಗಳಿಗೆ ಕಳಿಸಿ, ಡಿಲೀರಿಯಂ (ದೈಹಿಕ ಕಾರಣದಿಂದ ದಿಢೀರನೆ ಬರುವ ಮನಸ್ಸಿನ ಗೊಂದಲ) ನೋಡಲಿ.

ಒಂದು ಮಾದರಿ ಕೇಸ್ ಹೀಗಿರುತ್ತದೆ. 78 ವರ್ಷದ ಮಹಿಳೆ, ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಮೂರನೇ ದಿನ. ರಾತ್ರಿ ಡ್ರಿಪ್ ಕಿತ್ತು ಹಾಕಿದ್ದಾರೆ, ಹಗಲು ತೂಕಡಿಸುತ್ತಾರೆ, ಹೊದಿಕೆಯ ಮೇಲಿಂದ ಇಲ್ಲದ್ದನ್ನು ಹೆಕ್ಕುತ್ತಿರುತ್ತಾರೆ. ಕರೆ ಚೀಟಿಯಲ್ಲಿ ಒಂದೇ ಸಾಲು: ‘ಡೆಮೆನ್ಶಿಯಾ, ಗಲಾಟೆ, ದಯವಿಟ್ಟು ನೋಡಿ.’ ತರಬೇತಿ ವೈದ್ಯರು ಮೊದಲು ಮಗಳನ್ನು ಕೇಳಬೇಕು: ಹೋದ ವಾರ ಮನೆಯ ಲೆಕ್ಕಪತ್ರ ಯಾರು ನೋಡುತ್ತಿದ್ದರು? ‘ಅಮ್ಮನೇ’ ಎಂಬ ಉತ್ತರ ಬಂದರೆ ಚೀಟಿಯ ರೋಗನಿರ್ಣಯ ಅಲ್ಲಿಗೇ ಅಲುಗಾಡುತ್ತದೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರೆ ಶನಿವಾರ, ಶುಕ್ರವಾರ ಎಂದು ನಿಂತು, ಕಿಟಕಿಯತ್ತ ನೋಡಿ, ಪ್ರಶ್ನೆಯನ್ನೇ ಮರೆಯುತ್ತಾರೆ. ಗಮನ ಹರಿದುಹೋಗುತ್ತಿದೆ. ದಿಢೀರನೆ ಶುರುವಾಗಿದೆ, ಗಂಟೆಗೊಂದು ಥರ ಇದೆ, ಜಾಗೃತಿಯೂ ಮಂಕಾಗಿದೆ. ಡಿಲೀರಿಯಂ ಗುರುತಿಸಲು 1990ರಲ್ಲಿ ಬಂದ ಸಿಎಎಮ್ (ಕನ್ಫ್ಯೂಷನ್ ಅಸೆಸ್‌ಮೆಂಟ್ ಮೆಥಡ್) ವಿಧಾನ ಕೇಳುವುದು ಇದನ್ನೇ: ಹಠಾತ್ ಆರಂಭ ಮತ್ತು ಏರಿಳಿತ, ಜೊತೆಗೆ ಗಮನದ ಕೊರತೆ, ಇವೆರಡರ ಮೇಲೆ ಮಾತಿನ ಅಸಂಬದ್ಧತೆ ಅಥವಾ ಜಾಗೃತಿಯ ಬದಲಾವಣೆಯಲ್ಲಿ ಒಂದು.

ಈಗ ಔಷಧದ ಹಾಳೆ. ನಿದ್ದೆಗೆಂದು ಅಮಿಟ್ರಿಪ್ಟಿಲಿನ್, ತುರಿಕೆಗೆಂದು ಪ್ರೊಮೆಥಜಿನ್. ಎರಡಕ್ಕೂ ಆಂಟಿಕೋಲಿನರ್ಜಿಕ್ ಗುಣ (ಗೊಂದಲ, ಮೂತ್ರ ಕಟ್ಟುವುದು, ಮಲಬದ್ಧತೆ ತರುವಂಥದ್ದು), ಎರಡನ್ನೂ ಬರೆದವರು ಬೇರೆ ಬೇರೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಮೂತ್ರಕೋಶ ಹೊಕ್ಕುಳ ಮಟ್ಟಕ್ಕೆ ಉಬ್ಬಿದೆ, ಕ್ಯಾಥೆಟರ್ ತೆಗೆದ ಮೇಲೆ ಮೂತ್ರ ಸರಿಯಾಗಿ ಹೋಗಿಲ್ಲ. ಮಲ ವಿಸರ್ಜನೆಯಾಗಿ ನಾಲ್ಕು ದಿನ. ಕನ್ನಡಕ ಬ್ಯಾಗಿನಲ್ಲಿ, ಶ್ರವಣ ಸಾಧನ ಮನೆಯಲ್ಲಿ. ಎರಡು ಔಷಧ ನಿಲ್ಲಿಸಿ, ಮೂತ್ರಕೋಶ ಖಾಲಿ ಮಾಡಿಸಿ, ಮಲಬದ್ಧತೆಗೂ ನೋವಿಗೂ ಕ್ರಮವಾಗಿ ಔಷಧ ಕೊಟ್ಟು, ಕನ್ನಡಕ ಹಾಕಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿ. ಇದರ ಜೊತೆಗೆ ಸೋಡಿಯಂ, ಸೋಂಕು, ಆಮ್ಲಜನಕ ನೋಡುವುದು, ಬಿದ್ದ ಇತಿಹಾಸವಿದ್ದರೆ ತಲೆಯ ಸ್ಕ್ಯಾನ್ ಮಾಡಿಸುವುದು ಇದ್ದೇ ಇದೆ. ಕೆಲವು ದಿನದಲ್ಲಿ ಆ ಮಹಿಳೆ ವೈದ್ಯರ ಹೆಸರು ಕೇಳುತ್ತಾರೆ. ಎಲ್ಲರೂ ಇಷ್ಟು ಬೇಗ ಚೇತರಿಸುವುದಿಲ್ಲ ಎಂಬುದನ್ನೂ ಹೇಳಿಕೊಡಬೇಕು. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ, ಕೆಲವರ ನೆನಪಿನ ಶಕ್ತಿ ಹಿಂದಿನ ಮಟ್ಟಕ್ಕೆ ಬರುವುದೇ ಇಲ್ಲ. ಆದರೆ ಇಂಥ ಒಂದು ಕೇಸನ್ನು ಆರಂಭದಿಂದ ಕೊನೆಯವರೆಗೆ ತಾವೇ ನಡೆಸಿದ ವೈದ್ಯರ ಬಾಯಲ್ಲಿ ‘ಮಾಡುವುದೇನೂ ಇಲ್ಲ’ ಎಂಬ ಮಾತು ಮತ್ತೆ ಬರುವುದಿಲ್ಲ. ಔಷಧದ ಗೋಜಲಿನ ಭಯವೂ ಇಲ್ಲೇ ಕರಗತೊಡಗುತ್ತದೆ. ಎಷ್ಟೋ ಸಲ ಹೊಸದು ಬರೆಯುವುದಲ್ಲ, ಹಳೆಯದನ್ನು ನಿಲ್ಲಿಸುವುದೇ ಚಿಕಿತ್ಸೆ ಎಂದು ಅವರಿಗೆ ಕೈಯಾರೆ ಗೊತ್ತಾಗುತ್ತದೆ.

ತಡೆಗಟ್ಟುವ ಮಾತೂ ಇದೆ. 1999ರಲ್ಲಿ ಶರೋನ್ ಇನೂಯೆ ಮತ್ತು ಸಂಗಡಿಗರು ಯೇಲ್‌ನಲ್ಲಿ 70 ದಾಟಿದ 852 ಒಳರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ನಿದ್ದೆ, ಓಡಾಟ, ನೀರಿನಂಶ, ಕಣ್ಣು, ಕಿವಿ ಇಂಥ ಸರಳ ಸಂಗತಿಗಳನ್ನು ನೋಡಿಕೊಂಡ ಗುಂಪಿನಲ್ಲಿ ಡಿಲೀರಿಯಂ ಶೇ 15ರ ಬದಲು ಶೇ 9.9ಕ್ಕೆ ಇಳಿದಿತ್ತು. ತರಬೇತಿ ವೈದ್ಯರಿಗೆ ಇದನ್ನು ಸ್ಲೈಡಿನಲ್ಲಿ ತೋರಿಸಬೇಡಿ. ಮೇಲಿನಂಥ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿ.

ಆಮೇಲಿನ ವಾರಗಳು

ಮೂರನೇ ವಾರದಿಂದ ಖಿನ್ನತೆ. ಅದರಲ್ಲೂ ತೀವ್ರ ಖಿನ್ನತೆಗೆ ಇಸಿಟಿ (ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ) ಪಡೆಯುವ ಒಬ್ಬ ರೋಗಿಯನ್ನಾದರೂ ತರಬೇತಿ ವೈದ್ಯರಿಗೆ ಪೂರ್ತಿ ಒಪ್ಪಿಸಿ. ನನ್ನ ಕರುಳು ಕೊಳೆತುಹೋಗಿದೆ, ಊಟ ಎಲ್ಲಿಗೆ ಹೋಗಬೇಕು ಎನ್ನುವ ಮಟ್ಟದ ಭ್ರಮೆ ಇರುವ ಹಿರಿಯರಲ್ಲಿ ಇಸಿಟಿ ಕೊಡುವ ಫಲ ಬೇರೆ ವಯಸ್ಸಿನವರಿಗಿಂತ ಕಡಿಮೆಯೇನಲ್ಲ, ಹೆಚ್ಚೆಂದರೂ ತಪ್ಪಾಗದು. ವಾರಕ್ಕೆ ಎರಡೋ ಮೂರೋ, ಒಟ್ಟು 6ರಿಂದ 12 ಬಾರಿ. ಮೊದಲನೆಯ ದಿನವೂ ಆರನೆಯ ದಿನವೂ ಅದೇ ತರಬೇತಿ ವೈದ್ಯರು ಅಲ್ಲಿರಬೇಕು, ಅದೇ ಪ್ರಶ್ನೆಗಳನ್ನು ಕೇಳಬೇಕು. ನಡುವೆ ಡ್ಯೂಟಿ ಬದಲಾಯಿಸಿದರೆ ಈ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ.

ಐದನೇ ವಾರದ ನಂತರ ಬುದ್ಧಿಗೆ ಸವಾಲೆನಿಸುವ ಕೇಸುಗಳನ್ನು ಆರಿಸಿ ಕೊಡಿ. ದೃಷ್ಟಿ ಕುಂದಿದ, ಮನಸ್ಸು ಪೂರ್ತಿ ಸ್ವಸ್ಥವಾಗಿರುವ ವ್ಯಕ್ತಿಗೆ ಪುಟ್ಟ ಪುಟ್ಟ ಮನುಷ್ಯರು ಕಾಣುವುದು ಚಾರ್ಲ್ಸ್ ಬೋನೆ ಸಿಂಡ್ರೋಮ್. 1760ರಲ್ಲಿ ಬೋನೆ ತಮ್ಮ ಅಜ್ಜನಲ್ಲಿ ಕಂಡು ಬರೆದಿಟ್ಟದ್ದು ಇದನ್ನೇ. ಅದೇ ರೀತಿ ಮನುಷ್ಯರು ಕಾಣುವ ಇನ್ನೊಬ್ಬರಿಗೆ ಲೆವಿ ಬಾಡಿ ಡೆಮೆನ್ಶಿಯಾ ಎಂಬ ಬಗೆಯ ಡೆಮೆನ್ಶಿಯಾ ಇರಬಹುದು. ಅವರಿಗೆ ಹ್ಯಾಲೊಪೆರಿಡಾಲ್ ಎಂಬ ಆಂಟಿಸೈಕೋಟಿಕ್ (ಭ್ರಮೆ ತಗ್ಗಿಸುವ ಔಷಧ) ಕೊಟ್ಟರೆ ಮೈ ಮರಗಟ್ಟಿ, ಪ್ರಜ್ಞೆ ಮಂಕಾಗಿ, ಜೀವಕ್ಕೇ ಕುತ್ತು ಬರಬಹುದು. ಎರಡು ಕೇಸನ್ನೂ ಅಕ್ಕಪಕ್ಕ ಇಟ್ಟು ಚರ್ಚಿಸಿ. ನರವಿಜ್ಞಾನಕ್ಕೋ ಜನರಲ್ ಮೆಡಿಸಿನ್‌ಗೋ ಹೋಗಬೇಕಿತ್ತು ಎಂದು ಒಳಗೊಳಗೇ ಅಂದುಕೊಳ್ಳುವ ತರಬೇತಿ ವೈದ್ಯರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರಿಗೆ ಹೇಳಿ ಮಾಡಿಸಿದ ಕ್ಷೇತ್ರ ಇದು. ‘ವಯಸ್ಸಾದವರ ಮೇಲೆ ಪ್ರೀತಿ ಇರುವವರು’ ಮಾತ್ರ ಇಲ್ಲಿಗೆ ಬರಬೇಕು ಎಂಬ ಭಾವನೆಯಿಂದ ನಾವು ಇವರನ್ನು ಕಳೆದುಕೊಳ್ಳುತ್ತೇವೆ.

ಡೆಮೆನ್ಶಿಯಾ ಕೊನೆಗೆ ಬರಲಿ, ಆದರೆ ಸರಿಯಾಗಿ ಬರಲಿ. ಈಗಷ್ಟೇ ರೋಗ ಗೊತ್ತಾದ ಒಂದು ಕುಟುಂಬವನ್ನು ಪ್ರತಿಯೊಬ್ಬ ತರಬೇತಿ ವೈದ್ಯರಿಗೂ ಕೊಡಿ. ರೋಗದ ಹೆಸರು ಹೇಳುವ ದಿನ ಅವರು ಜೊತೆಗಿರಲಿ, ಒಂದು ಸಲ ಮನೆಗೂ ಹೋಗಿ ಬರಲಿ. ಓಪಿಡಿಯಲ್ಲಿ ‘ರಾತ್ರಿ ಗಲಾಟೆ’ ಎಂದು ಕೇಳಿದ್ದು, ಮನೆಗೆ ಹೋದಾಗ ‘ಶೌಚಾಲಯದ ಬಾಗಿಲು ಕತ್ತಲಲ್ಲಿ ಕಾಣುವುದಿಲ್ಲ’ ಎಂದು ತಿಳಿಯುತ್ತದೆ. ಮಾತ್ರೆಯ ಬದಲು ಒಂದು ದೀಪ ಸಾಕಾಗುತ್ತದೆ. ಡೆಮೆನ್ಶಿಯಾ ಇರುವವರಿಗೆ ಆಂಟಿಸೈಕೋಟಿಕ್ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆಗೆ ಅರ್ಥ ಬರುವುದು ಔಷಧವಿಲ್ಲದೆ ಪರಿಹಾರ ಸಿಕ್ಕಿದ್ದನ್ನು ಒಮ್ಮೆ ಕಣ್ಣಾರೆ ಕಂಡಾಗ.

ಈ ಕ್ರಮಕ್ಕೆ ಹಳೆಯ ಆಧಾರವೂ ಇದೆ. 1955ರಲ್ಲಿ ಮನೋವೈದ್ಯ ಮಾರ್ಟಿನ್ ರಾತ್ ಇಂಗ್ಲೆಂಡಿನ ಗ್ರೇಲಿಂಗ್‌ವೆಲ್ ಆಸ್ಪತ್ರೆಯ ವೃದ್ಧ ರೋಗಿಗಳ ದಾಖಲೆ ನೋಡಿ, ಇವರೆಲ್ಲರ ಕಾಯಿಲೆ ಒಂದೇ ಅಲ್ಲ, ಖಿನ್ನತೆ, ಡಿಲೀರಿಯಂ, ಇಳಿವಯಸ್ಸಿನ ಸೈಕೋಸಿಸ್, ಡೆಮೆನ್ಶಿಯಾ ಇವುಗಳ ದಾರಿಯೂ ಕೊನೆಯೂ ಬೇರೆ ಬೇರೆ ಎಂದು ತೋರಿಸಿದರು. ಈ ಕ್ಷೇತ್ರ ನಿಂತಿರುವುದೇ ಆ ತಿಳಿವಳಿಕೆಯ ಮೇಲೆ. ನಮ್ಮ ಪೋಸ್ಟಿಂಗ್ ಡೆಮೆನ್ಶಿಯಾದ ಕೊನೆಯ ಹಂತವನ್ನಷ್ಟೇ ತೋರಿಸಿದರೆ ನಾವು 1955ಕ್ಕಿಂತ ಹಿಂದೆ ಹೋದಂತೆ.

ಓಪಿಡಿಯ ಲೆಕ್ಕ

ಹೊಸ ಹಿರಿಯ ರೋಗಿಯೊಬ್ಬರಿಗೆ, ಮನೆಯವರ ಜೊತೆಗಿನ ಮಾತೂ ಸೇರಿ, 75ರಿಂದ 90 ನಿಮಿಷ ಬೇಕು. ಅರ್ಧ ದಿನದ ಓಪಿಡಿಯಲ್ಲಿ ತರಬೇತಿ ವೈದ್ಯರಿಗೆ ಎರಡು ಹೊಸ ಕೇಸ್, ನಾಲ್ಕೈದು ಫಾಲೋ-ಅಪ್ ಮೀರಬಾರದು. ಇದಕ್ಕಿಂತ ಹೆಚ್ಚು ಹಾಕಿದರೆ ಅವರು ರೋಗಿಯನ್ನು ಬಿಟ್ಟು ಮಗನೊಂದಿಗೋ ಸೊಸೆಯೊಂದಿಗೋ ಮಾತಾಡಿ ಮುಗಿಸುತ್ತಾರೆ, ಬೇಗ ಆಗುವುದು ಅದೇ. ಮೊದಲು ರೋಗಿಯೊಂದಿಗೆ, ಆಮೇಲೆ ಮನೆಯವರೊಂದಿಗೆ ಪ್ರತ್ಯೇಕವಾಗಿ ಎಂಬ ಕ್ರಮ ಕಲಿಸಿ. ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ ಅದು ಹೊರಬರುವುದು ರೋಗಿ ಒಬ್ಬರೇ ಇದ್ದಾಗ. ಬೆಳಕು ವೈದ್ಯರ ಮುಖದ ಮೇಲೆ ಬೀಳಬೇಕು, ರೋಗಿಯ ಕಣ್ಣಿಗೆ ಹೊಡೆಯಬಾರದು. ಹಣ ಹೆಚ್ಚಿಲ್ಲದಿದ್ದರೆ ಕಿವಿಗೆ ಹಾಕುವ ಧ್ವನಿವರ್ಧಕ ಒಂದನ್ನು ಮೊದಲು ಕೊಳ್ಳಿ. ಕೇಳಿಸದ ರೋಗಿಯೊಂದಿಗೆ ಒಂದು ಗಂಟೆ ಕೂಗಾಡಿದ ತರಬೇತಿ ವೈದ್ಯರು ಆ ದಿನವೇ ಈ ಕ್ಷೇತ್ರದ ಆಸೆ ಬಿಡುತ್ತಾರೆ.

ಅಳತೆಪಟ್ಟಿಗಳ ಬಗ್ಗೆ ಒಂದು ಮಾತು. ನೆನಪು, ಗಮನ ಇತ್ಯಾದಿ ಅಳೆಯುವ ಮೋಕಾ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಒಟ್ಟು 30ರಲ್ಲಿ 26 ಮತ್ತು ಮೇಲ್ಪಟ್ಟದ್ದು ಸಹಜ, 12 ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಬೇಕು. ಶಾಲೆಗೇ ಹೋಗದವರಿಗೆ ಈ ಒಂದು ಅಂಕದಿಂದ ನ್ಯಾಯ ಸಿಗುವುದಿಲ್ಲ, ಅವರ ದಿನನಿತ್ಯದ ಕೆಲಸ ಕೇಳಿಯೇ ತೀರ್ಮಾನಿಸಬೇಕು. ಇದನ್ನು ಕಲಿಸದೆ ತರಬೇತಿ ವೈದ್ಯರನ್ನು ಅಂಕ ಬರೆಯುವವರನ್ನಾಗಿ ಮಾಡಿದರೆ ಕೆಲಸ ಯಾಂತ್ರಿಕವಾಗುತ್ತದೆ, ರೋಗನಿರ್ಣಯವೂ ತಪ್ಪುತ್ತದೆ. ಪಟ್ಟಿ ತುಂಬುವುದನ್ನು ತರಬೇತಿ ಪಡೆದ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರು ಮಾಡಲಿ, ಅಂಕಕ್ಕೆ ಅರ್ಥ ಹೇಳುವುದು ತರಬೇತಿ ವೈದ್ಯರ ಕೆಲಸವಾಗಲಿ.

ಪಕ್ಕದಲ್ಲಿ ಯಾರಿದ್ದಾರೆ

ಈ ಕ್ಷೇತ್ರಕ್ಕೆ ಬಂದವರನ್ನು ಏಕೆ ಬಂದಿರಿ ಎಂದು ಕೇಳಿದರೆ ಹೆಚ್ಚಿನವರು ಒಬ್ಬ ಗುರುವಿನ ಹೆಸರು ಹೇಳುತ್ತಾರೆ. ಆದ್ದರಿಂದ ಪ್ರತಿ ತರಬೇತಿ ವೈದ್ಯರಿಗೂ ಹೆಸರು ಹಿಡಿದು ಒಬ್ಬ ಕನ್ಸಲ್ಟೆಂಟನ್ನು ನೇಮಿಸಿ. ‘ಯಾರಿರುತ್ತಾರೋ ಅವರನ್ನು ಕೇಳಿ’ ಎಂಬ ವ್ಯವಸ್ಥೆಯಲ್ಲಿ ಗುರು ಹುಟ್ಟುವುದಿಲ್ಲ. ಮೊದಲ ವಾರ ಕನ್ಸಲ್ಟೆಂಟ್ ಸಂದರ್ಶನ ನಡೆಸಲಿ, ತರಬೇತಿ ವೈದ್ಯರು ನೋಡಲಿ. ಎರಡನೇ ವಾರ ಅದಲುಬದಲು. ವಾರಕ್ಕೆ ಒಂದು ಗಂಟೆ, ಫೋನ್ ಇಲ್ಲದೆ, ಬಾಗಿಲು ಹಾಕಿಕೊಂಡು ಇಬ್ಬರೇ ಕೂರಬೇಕು. ಮನಸ್ಸಿಗೆ ಭಾರ ಎಂಬ ದೂರಿಗೆ ಪರಿಹಾರ ಈ ಗಂಟೆಯಲ್ಲೇ ಇದೆ. ರೋಗಿ ತೀರಿಕೊಂಡ ದಿನ, ಆರೈಕೆ ಮಾಡುವ ಹೆಂಡತಿ ಎದುರಿಗೇ ಕುಸಿದು ಅತ್ತ ದಿನ, ಅದರ ಬಗ್ಗೆ ಮಾತಾಡಲು ಯಾರೂ ಇಲ್ಲದಿದ್ದರೆ ಭಾರ ಹಾಗೇ ಉಳಿಯುತ್ತದೆ. ಮನೆಯಲ್ಲೇ ಅಜ್ಜನಿಗೋ ಅಜ್ಜಿಗೋ ಡೆಮೆನ್ಶಿಯಾ ಇರುವ ತರಬೇತಿ ವೈದ್ಯರಿರುತ್ತಾರೆ. ಮೊದಲ ಭೇಟಿಯಲ್ಲೇ ಮೆಲ್ಲಗೆ ಕೇಳಿ, ಅಂಥವರಿಗೆ ಕೇಸ್ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡಿ.

ಕಾರಿಡಾರಿನ ಮಾತು ಪಾಠಕ್ಕಿಂತ ಬಲವಾದದ್ದು. ವಯಸ್ಸಾದ ರೋಗಿ ಬಂದಾಗ ಹಿರಿಯ ವೈದ್ಯರೊಬ್ಬರು ‘ಈ ವಯಸ್ಸಿಗೆ ಇನ್ನೇನು’ ಎಂದರೆ, ಬೆಡ್ ಹಿಡಿದುಕೊಂಡಿದ್ದಾರೆ ಎಂದು ಗೊಣಗಿದರೆ, ನಿಮ್ಮ ಹನ್ನೆರಡು ವಾರದ ಯೋಜನೆ ಆ ಒಂದು ವಾಕ್ಯಕ್ಕೆ ಬಲಿಯಾಗುತ್ತದೆ. ವಯಸ್ಸಿನ ಕಾರಣಕ್ಕೆ ಮಾಡುವ ಈ ತಾರತಮ್ಯಕ್ಕೆ ರಾಬರ್ಟ್ ಬಟ್ಲರ್ 1969ರಲ್ಲಿ ‘ಏಜಿಸಮ್’ ಎಂಬ ಹೆಸರು ಕೊಟ್ಟರು, ಅವರೂ ಮನೋವೈದ್ಯರೇ. ಇಂಥ ಮಾತಾಡುವವರ ಜೊತೆ ನೀವು ನೇರವಾಗಿ ಕೂತು ಮಾತಾಡಬೇಕು. ಬೇರೆ ದಾರಿ ಇಲ್ಲ.

ಆಹ್ವಾನವೂ ವೈಯಕ್ತಿಕವಾಗಿರಲಿ. ‘ಆಸಕ್ತರು ಸಂಪರ್ಕಿಸಿ’ ಎಂಬ ಸೂಚನೆಗೆ ಯಾರೂ ಬರುವುದಿಲ್ಲ. ‘ಆ ಡಿಲೀರಿಯಂ ಕೇಸಿನಲ್ಲಿ ಔಷಧದ ಹಾಳೆಯನ್ನು ನೀವು ಓದಿದ ರೀತಿ ಚೆನ್ನಾಗಿತ್ತು, ಈ ಕ್ಷೇತ್ರದ ಬಗ್ಗೆ ಯೋಚಿಸಿದ್ದೀರಾ?’ ಎಂದು ಕನ್ಸಲ್ಟೆಂಟ್ ಕೇಳಬೇಕು. ಪೋಸ್ಟಿಂಗ್ ನಡುವೆ ಒಮ್ಮೆ, ಮುಗಿದ ಮೂರು ತಿಂಗಳಿಗೆ ಇನ್ನೊಮ್ಮೆ, ಅರ್ಜಿಯ ಗಡುವಿಗೆ ಮೊದಲು ಮತ್ತೊಮ್ಮೆ. ಬೇಡವೆಂದರೆ ಅಲ್ಲಿಗೆ ಬಿಡಿ. ಒತ್ತಾಯ ಮಾಡಿದ್ದು ಮುಂದಿನ ಬ್ಯಾಚಿಗೆ ಗೊತ್ತಾಗುತ್ತದೆ.

ಅಂಕಿಅಂಶ ಎಲ್ಲಿ ಬಳಸಬೇಕು

ನಿಮ್ಮ ಉಪನ್ಯಾಸಗಳು ಬಹುಶಃ ಜನಸಂಖ್ಯೆಯ ಲೆಕ್ಕದಿಂದ ಶುರುವಾಗಿರುತ್ತವೆ. 2030ಕ್ಕೆ ಜಗತ್ತಿನ ಆರರಲ್ಲಿ ಒಬ್ಬರು 60 ದಾಟಿರುತ್ತಾರೆ, 2021ರಲ್ಲಿ 5.7 ಕೋಟಿ ಜನರಿಗೆ ಡೆಮೆನ್ಶಿಯಾ ಇತ್ತು, ವರ್ಷಕ್ಕೆ ಸುಮಾರು ಒಂದು ಕೋಟಿ ಹೊಸ ಕೇಸುಗಳು. ವಿಶ್ವ ಆರೋಗ್ಯ ಸಂಸ್ಥೆಯ ಈ ಅಂಕಿಗಳು ನಿಜ. ಆದರೆ ಇವನ್ನು ಕೇಳಿದ ಯುವ ವೈದ್ಯರ ಮನಸ್ಸಿಗೆ ಬರುವುದು ಮುಗಿಯದ ಹೊರೆಯ ಚಿತ್ರ. ಹೊರೆ ನೋಡಿ ಯಾರೂ ವೃತ್ತಿ ಆರಿಸುವುದಿಲ್ಲ. ಈ ಅಂಕಿಗಳನ್ನು ಆಡಳಿತದವರ ಮುಂದೆ ಇಡಿ, ಹುದ್ದೆ ಕೇಳುವಾಗ.

ಹುದ್ದೆಯ ಮಾತು ಬಂತು. ತರಬೇತಿ ಮುಗಿಸಿದ ಮೇಲೆ ಕೂರಲು ಕುರ್ಚಿಯೇ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ಹೆಚ್ಚುವರಿ ತರಬೇತಿಯ ಕಾಲದಲ್ಲಿ ಕಡಿಮೆ ಸಂಬಳ, ಹೆಗಲ ಮೇಲೆ ಓದಿನ ಸಾಲ, ಆಮೇಲೂ ಸಾಮಾನ್ಯ ಮನೋವೈದ್ಯರಷ್ಟೇ ಆದಾಯ ಎಂಬ ಲೆಕ್ಕ ತಪ್ಪಲ್ಲ, ಅದನ್ನು ಮುಚ್ಚಿಡಲೂ ಬಾರದು. ವಿಭಾಗದಿಂದ ಆಗುವುದೆಂದರೆ, ಹೆಚ್ಚುವರಿ ತರಬೇತಿಗೆ ಹೋಗುವ ಮೊದಲೇ ವಾಪಸು ಬಂದರೆ ಹುದ್ದೆ ಖಚಿತ ಎಂದು ಬರಹದಲ್ಲಿ ಕೊಡುವುದು, ಅರ್ಧ ವಾರ ಹಿರಿಯರ ಕ್ಲಿನಿಕ್, ಅರ್ಧ ವಾರ ಸಾಮಾನ್ಯ ಓಪಿಡಿ ಎಂಬ ಮಿಶ್ರ ಹುದ್ದೆ ಸೃಷ್ಟಿಸುವುದು, ಸಾಲ ಮರುಪಾವತಿಗೆ ನೆರವು ಸಿಗುವ ಯೋಜನೆಗಳಿದ್ದರೆ ಅರ್ಜಿ ತುಂಬಲು ಜೊತೆಗೂಡುವುದು. ಈಗಾಗಲೇ ಈ ಕ್ಷೇತ್ರದಲ್ಲಿರುವ ಒಬ್ಬರ ವಾರದ ವೇಳಾಪಟ್ಟಿಯನ್ನು ಇದ್ದದ್ದು ಇದ್ದ ಹಾಗೆ, ಬೇಸರದ ಕೆಲಸವೂ ಸೇರಿ, ಒಂದು ಪುಟದಲ್ಲಿ ಬರೆಸಿ ಹಂಚಿ. ಭವಿಷ್ಯ ಉಜ್ವಲವಾಗಿದೆ ಎಂಬ ಭರವಸೆಗಿಂತ ಆ ಪುಟಕ್ಕೆ ತೂಕ ಹೆಚ್ಚು.

ಸಣ್ಣ ಸಂಶೋಧನೆಯೂ ಜನರನ್ನು ಹಿಡಿದಿಡುತ್ತದೆ, ಮುಗಿಯುವಂಥದ್ದಾದರೆ. ಡೆಮೆನ್ಶಿಯಾ ರೋಗಿಗಳಿಗೆ ಬರೆದ ಆಂಟಿಸೈಕೋಟಿಕ್ ಅನ್ನು 12 ವಾರದೊಳಗೆ ಮರುಪರಿಶೀಲಿಸಿದ್ದಾರೆಯೇ? ಲಿಥಿಯಂ ತೆಗೆದುಕೊಳ್ಳುವ ಹಿರಿಯರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತ ಪರೀಕ್ಷೆ) ಎಷ್ಟು ಬಾರಿ ನೋಡಿದ್ದಾರೆ? 30 ಫೈಲ್ ನೋಡಿ, ಒಂದು ಬದಲಾವಣೆ ತಂದು, ಮತ್ತೆ 30 ಫೈಲ್ ನೋಡಲಿ. ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ, ಸಮ್ಮೇಳನದಲ್ಲಿ ಮಂಡಿಸಬಹುದು. ಎರಡು ವರ್ಷ ಹಿಡಿಯುವ ಬಯೋಮಾರ್ಕರ್ ಅಧ್ಯಯನ ಕೊಟ್ಟರೆ ಅದು ಅರ್ಧಕ್ಕೆ ನಿಂತು, ಆ ಕಹಿ ಈ ಕ್ಷೇತ್ರಕ್ಕೇ ಅಂಟಿಕೊಳ್ಳುತ್ತದೆ.

ಫಲ ಬಂದಿದೆಯೇ ಎಂದು ನೋಡುವುದು

ಪೋಸ್ಟಿಂಗಿನ ಮೊದಲ ದಿನ ಮತ್ತು ಕೊನೆಯ ದಿನ ಅದೇ ಎರಡು ಪ್ರಶ್ನೆ, ಹೆಸರು ಬರೆಯದೆ ಉತ್ತರಿಸುವಂತೆ ಕೇಳಿ: 75 ದಾಟಿದ ರೋಗಿಯೊಬ್ಬರನ್ನು ನೋಡಲು ಎಷ್ಟು ಧೈರ್ಯವಿದೆ, ಮತ್ತು ಈ ಕ್ಷೇತ್ರವನ್ನು ಆರಿಸಿಕೊಳ್ಳುವ ಸಾಧ್ಯತೆ ಎಷ್ಟು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಆರು ತಿಂಗಳ ನಂತರ ಮತ್ತೊಮ್ಮೆ ಕೇಳಿ. ಮೊದಲನೆಯದು ಏರಿ ಎರಡನೆಯದು ಏರದಿದ್ದರೆ ಪೋಸ್ಟಿಂಗ್ ಚೆನ್ನಾಗಿದೆ, ವೃತ್ತಿಯ ದಾರಿಯಲ್ಲಿ ತೊಡಕಿದೆ ಎಂದರ್ಥ, ಹುದ್ದೆಯ ಕಡೆ ನೋಡಿ. ಎರಡೂ ಇಳಿದರೆ ಆ ಬ್ಯಾಚ್ ಯಾವ ರೋಗಿಗಳನ್ನು ನೋಡಿತು, ಯಾರ ಕೈಕೆಳಗೆ ಇತ್ತು ಎಂದು ಹುಡುಕಿ. ಎಲ್ಲರೂ ಈ ಉಪವಿಭಾಗಕ್ಕೆ ಬರಬೇಕಿಲ್ಲ ಎಂಬುದೂ ನೆನಪಿರಲಿ. ಹಿರಿಯರನ್ನು ಹೆದರದೆ ನೋಡುವ ಸಾಮಾನ್ಯ ಮನೋವೈದ್ಯರು ಹತ್ತು ಜನ, ಅವರಿಗೆ ದಾರಿ ತೋರಿಸುವ ತಜ್ಞರು ಒಬ್ಬರು, ಇಷ್ಟಾದರೂ ದೊಡ್ಡ ಗಳಿಕೆ.

ಅರ್ಜಿಗಳ ಸಂಖ್ಯೆ ಒಂದೇ ವರ್ಷದಲ್ಲಿ ಏರುವುದಿಲ್ಲ. ಇವತ್ತು ಪೋಸ್ಟಿಂಗ್ ಬದಲಾಯಿಸಿದರೆ ಅದರ ಫಲ ಅರ್ಜಿಯಲ್ಲಿ ಕಾಣಲು ಎರಡು ಮೂರು ಬ್ಯಾಚ್ ದಾಟಬೇಕು. ಅದಕ್ಕೂ ಮೊದಲು ಕಾಣುವ ಸೂಚನೆಗಳಿವೆ. ಕೇಸ್ ಕಾನ್ಫರೆನ್ಸಿಗೆ ತರಬೇತಿ ವೈದ್ಯರು ತಾವಾಗಿ ಹಿರಿಯ ರೋಗಿಯ ಕೇಸ್ ತರುತ್ತಾರೆ. ಐಚ್ಛಿಕ ಅವಧಿಗೆ ಇದೇ ಘಟಕ ಕೇಳುತ್ತಾರೆ. ಪೋಸ್ಟಿಂಗ್ ಮುಗಿದ ಮೇಲೂ ತಮ್ಮ ರೋಗಿ ಹೇಗಿದ್ದಾರೆಂದು ವಿಚಾರಿಸಲು ಬರುತ್ತಾರೆ.

ನಿಮ್ಮಲ್ಲಿ ಈ ತರಬೇತಿ ಪಡೆದ ಕನ್ಸಲ್ಟೆಂಟ್ ಒಬ್ಬರೂ ಇಲ್ಲದಿದ್ದರೆ ಕಾಯುತ್ತ ಕೂರಬೇಡಿ. ವಯಸ್ಸಾದವರ ಕೇಸುಗಳನ್ನು ಇಷ್ಟಪಟ್ಟು ನೋಡುವ ಸಾಮಾನ್ಯ ಮನೋವೈದ್ಯರೊಬ್ಬರು ಪ್ರತಿ ವಿಭಾಗದಲ್ಲೂ ಇರುತ್ತಾರೆ. ಅವರಿಗೆ ವಾರದಲ್ಲಿ ಒಂದು ದಿನ ಬಿಡುವು ಮಾಡಿಕೊಟ್ಟು, ಜನರಲ್ ಮೆಡಿಸಿನ್ ಅಥವಾ ನರವಿಜ್ಞಾನ ವಿಭಾಗದವರ ಜೊತೆ ಒಂದೇ ಕೋಣೆಯಲ್ಲಿ ಜಂಟಿ ಕ್ಲಿನಿಕ್ ಶುರು ಮಾಡಿಸಿ. ಬೇರೆ ಕೇಂದ್ರದ ತಜ್ಞರೊಬ್ಬರು ಹದಿನೈದು ದಿನಕ್ಕೊಮ್ಮೆ ವಿಡಿಯೊ ಮೂಲಕ ಒಂದು ಗಂಟೆ ಕೇಸ್ ಚರ್ಚೆಗೆ ಸಿಗುವಂತೆ ಮಾಡಿ. ಆ ಚರ್ಚೆಗೆ ಕೇಸ್ ಆರಿಸಿ ತಯಾರು ಮಾಡುವ ಕೆಲಸವನ್ನು ಮೊದಲ ವಾರದಿಂದಲೇ ತರಬೇತಿ ವೈದ್ಯರಿಗೆ ವಹಿಸಿ.